ಮಾರುಕಟ್ಟೆ ಎದುರಿನ ಬೆಂಚು

ಪುರಸಭೆಯ ಮುಖ್ಯಾಧಿಕಾರಿಗಳಿಗೆ,

ನಮಸ್ಕಾರ. ಪೇಟೆ ಬೀದಿಯನ್ನು ಚೆಂದಗೊಳಿಸಲು ಸಲಹೆ ಕೇಳಿದ್ದೀರಿ. ನನ್ನದು ಒಂದೇ. ಮಾರುಕಟ್ಟೆ ಎದುರಿನ ಬೆಂಚನ್ನು ಮತ್ತೆ ಹಾಕಿಸಿ.

ಹಡಗಿನಲ್ಲಿ ಬರುವ ಪ್ರವಾಸಿಗರಿಗಾಗಿ ನೀವು ಅದನ್ನು ಕೀಳಿಸಿ ಹೂವಿನ ಕುಂಡ ಇಡಿಸಿದಿರಿ. ಅಂದು ನನ್ನ ಗಂಡ ಎರೋನಿ, ಮಾರುಕಟ್ಟೆಯಲ್ಲಿ ತಳ್ಳುಗಾಡಿ ತಳ್ಳುತ್ತಿದ್ದವರು, "ಹಂಗೇ ನನ್ನ ನೋಯೋ ಮಂಡೀನೂ ಬಿಚ್ಕೊಂಡು ಹೋಗ್ರಪ್ಪಾ" ಎಂದು ನಿಮ್ಮ ಆಳುಗಳನ್ನು ನಗಿಸಿದ್ದರು. ಆಮೇಲೆ ದಣಿದಾಗಲೆಲ್ಲ ರಸ್ತೆಯಂಚಿನಲ್ಲೇ ಕೂರುತ್ತಿದ್ದರು. ಈಸ್ಟರ್ ವಾರದಲ್ಲಿ ಸುವಾ ನಗರಕ್ಕೆ ಹೋಗುವ ಬಸ್ಸು ಹಿಂದಕ್ಕೆ ಸರಿಯುವಾಗ ಚಾಲಕನಿಗೆ ಅವರು ಕಾಣಲಿಲ್ಲ. ಅಲ್ಲೇ ತೀರಿಕೊಂಡರು.

ಬೆಂಚಿಗೆ ಅವರ ಹೆಸರು ಬೇಡ. ಅವರ ಜೊತೆಗಾರರು ಈಗಲೂ ಅದೇ ಅಂಚಿನಲ್ಲಿ ಕೂರುತ್ತಾರೆ. ನಿನ್ನೆ ಗದರಿದೆ. "ಮತ್ತೆಲ್ಲಿ ಕೂರೋಣ, ಅಕ್ಕಾ?" ಅಂದರು.

ಇತಿ,
ವಸಿತಿ
ಮರಗೆಣಸು ಮಾರುವವಳು