ಹರಿಯದೆ ಉಳಿದ ಭಾಷಣ

ಅಕ್ಕಾ,

ನೀನು ತೀರಿಕೊಂಡು ಒಂಬತ್ತು ದಿನವಾಯಿತು. ಇವತ್ತು ನಿನ್ನ ಪಕ್ಷದ ಕಾರ್ಯದರ್ಶಿ ಬಂದಿದ್ದರು. ಹೊಳೆದಂಡೆಯ ಮನೆಗಳನ್ನು ತೆರವು ಮಾಡುವ ಮಸೂದೆಗೆ ನಾಳೆ ಮತ ಹಾಕಬೇಕಂತೆ. "ಅಧ್ಯಕ್ಷರು ಬರೆದಿಟ್ಟ ಭಾಷಣ ಕೊಡಿ, ಅವರು ಹೇಳಿದ ಕಡೆಗೇ ಎಲ್ರೂ ಹಾಕ್ತೀವಿ," ಅಂದರು.

ಇಪ್ಪತ್ತು ವರ್ಷದಿಂದ ನೀನು ಪ್ರತಿ ಮಸೂದೆಗೂ ಪರವಾಗಿ ಒಂದು, ವಿರುದ್ಧವಾಗಿ ಒಂದು ಭಾಷಣ ಬರೆಯುತ್ತಿದ್ದೆ. ನಾನು ಎರಡನ್ನೂ ದಪ್ಪ ಅಕ್ಷರದಲ್ಲಿ ನಕಲು ಮಾಡುತ್ತಿದ್ದೆ. ಸಭೆಗೆ ಹೊರಡುವಾಗ ನೀನು ಒಂದನ್ನು ಹರಿದುಹಾಕುತ್ತಿದ್ದೆ. ಈ ಸಲ ಎರಡೂ ಉಳಿದಿವೆ.

ಎರಡನ್ನೂ ಓದಿ ಕಾರ್ಯದರ್ಶಿ ನಕ್ಕರು. "ನಮ್ಮ ಪಕ್ಷ ಅಡ್ಡಗೋಡೆ ಮೇಲಿನ ದೀಪ ಅಂತ ಜನ ಸುಮ್ನೆ ಅನ್ನಲ್ಲ." ಆಮೇಲೆ ಕಣ್ಣೊರೆಸಿಕೊಂಡು, "ನಿಮಗೇನಾದ್ರೂ ಹೇಳಿದ್ರಾ? ಯೋಚಿಸಿ ಒಂದನ್ನ ಕೊಡಿ, ಬೆಳಿಗ್ಗೆ ಬರ್ತೀನಿ," ಅಂದರು.

ನೀನು ಹೇಳಿರಲಿಲ್ಲ, ಕೇಳಿದ್ದೆ. ಕೊನೆಯ ದಿನ ನಾನು ನಿನ್ನ ತಲೆ ಬಾಚುತ್ತಿದ್ದಾಗ, "ಯಾವುದನ್ನ ಹರೀಲೇ, ನೀನೇ ಹೇಳು," ಅಂದೆಯಲ್ಲ. "ನಂಗೇನು ತಿಳಿಯತ್ತಕ್ಕಾ, ಅಲುಗಾಡ್ಬೇಡ," ಅಂತ ನಾನು ಜಡೆ ಹೆಣೆದೆ.

ನಕಲು ಮಾಡುವಾಗಲೇ ಒಂದು ನನಗೆ ಸರಿಯೆನಿಸಿತ್ತು. ಆಗ ಹೇಳಿದ್ದರೆ ನೀನು ಒಪ್ಪುತ್ತಿದ್ದೆಯೋ, ನಗುತ್ತಿದ್ದೆಯೋ. ಈಗ ಅದನ್ನೇ ಕೊಟ್ಟರೆ ನಾಳೆ ಎಲ್ಲರೂ ಅದನ್ನು ನಿನ್ನ ಮಾತೆಂದು ಕೇಳುತ್ತಾರೆ. ಆರಿಸಿಕೊಟ್ಟ ನಾನೊಬ್ಬಳು ಹಾಗೆಂದು ಹೇಗೆ ಕೇಳಲಿ?