ಹೊಸ ಡ್ರೈವಿಗೆ ಸೇರದ ಒಂದು ವಿಡಿಯೊ

ಮಾರ್ಚ್ ೯, ಭಾನುವಾರ

ಪ್ರೀತಿಯ ಗುಬ್ಬಿಗೆ ಅಪ್ಪನ ಆಶೀರ್ವಾದ.

ನಿನ್ನ ಕಾಗದಕ್ಕೆ ಉತ್ತರ ತಡವಾಯಿತು, ಕೋಪ ಬೇಡ. ಲ್ಯಾಪ್‌ಟಾಪು ಕೈಕೊಟ್ಟಿತ್ತು, ಅದರ ಸೇವೆಯಲ್ಲೇ ವಾರ ಕಳೆಯಿತು. ಅಮ್ಮನ ಗಂಟಲಿನ ಆಪರೇಷನ್ನಿನ ಗಾಯ ಪೂರ್ತಿ ಮಾಗಿದೆ. ದನಿ ಇನ್ನು ಬರುವುದಿಲ್ಲವೆಂದು ಡಾಕ್ಟರು ಹೇಳಿದ ಮೇಲೆ ಸ್ಲೇಟು ಹಿಡಿದಳಲ್ಲ, ಈಗ ಅದರಲ್ಲೇ ನನ್ನನ್ನು ಬೈಯುವುದನ್ನೂ ಕಲಿತಿದ್ದಾಳೆ.

ಹಾರ್ಡ್ ಡ್ರೈವ್ ಟಿಕ್ ಟಿಕ್ ಎನ್ನುತ್ತಿತ್ತು. ರಿಪೇರಿಯವರು ಕಿವಿಗೊಟ್ಟು ಕೇಳಿ, "ಇದರ ಕಥೆ ಮುಗೀತಾ ಬಂತು ಸಾರ್. ಬೇಕಾದ್ದನ್ನ ಬೇಗ ಕಾಪಿ ಮಾಡ್ಕೊಳ್ಳಿ" ಎಂದರು. ನನ್ನ ಕೈಗೆಟಕುವ ಬೆಲೆಗೆ ಎರಡು ತೋರಿಸಿದರು. ಹಳೆಯ ಬಗೆಯದರಲ್ಲಿ ಜಾಗ ಧಾರಾಳ. ಎಸ್‌ಎಸ್‌ಡಿಯಲ್ಲಿ ಜಾಗ ಕಮ್ಮಿ, ಆದರೆ ವೇಗ ಹೆಚ್ಚು, ತಿರುಗಿ ಸವೆಯುವ ಭಾಗವೇ ಇಲ್ಲ. ನಾನು ದೊಡ್ಡದರ ಮೇಲೆ ಕಣ್ಣಿಟ್ಟಿದ್ದೆ. ಅಮ್ಮ, "ಕಸ ತುಂಬೋಕೆ ಅಷ್ಟು ಜಾಗ ಯಾಕ್ರೀ?" ಎಂದು ಬರೆದು ಅವರಿಗೂ ತೋರಿಸಿದಳು. ಎಸ್‌ಎಸ್‌ಡಿಯನ್ನೇ ತಂದೆ.

ಜೋಡಿಸುವ ಕೂಲಿ ಉಳಿಸಲು ನಾನೇ ಕೂತೆ. ಬೈಂಡಿಂಗ್ ಅಂಗಡಿಯಲ್ಲಿ ಪುಸ್ತಕ ಹೊಲಿದು ಪಳಗಿದ ಕೈ ಎಂಬ ಜಂಬ ಬೇರೆ. ಬ್ಯಾಟರಿಯ ತಂತಿ ಕಳಚಿ, ಸ್ಕ್ರೂಗಳನ್ನು ಬಿಚ್ಚಿದ ಕ್ರಮದಲ್ಲೇ ಕಾಗದದ ಮೇಲಿಟ್ಟೆ. ಎಲ್ಲ ಮುಚ್ಚಿ ಆನ್ ಮಾಡಿದರೆ ಹೊಸ ಡ್ರೈವು ಕಾಣಿಸಲೇ ಇಲ್ಲ! ಕನೆಕ್ಟರಿಗೆ ಪೂರ್ತಿ ಒತ್ತಿರಲಿಲ್ಲ. ಅಮ್ಮ ಸ್ಲೇಟಿನ ತುಂಬ ಒಂದೇ ಪದ ಬರೆದಳು: "ಜಾಣ!"

ಆಮೇಲೆ ಹಳೆಯದಕ್ಕೆ ಕೇಬಲ್ ಹಾಕಿ ನನ್ನ ಕಡತ, ನಿನ್ನ ಬಾಲ್ಯದ ಫೋಟೊ ಎಲ್ಲ ಸಾಗಿಸಿದೆ. ಉಳಿದಿರುವುದು ನಿನ್ನ ಮದುವೆಯ ವಿಡಿಯೊ ಒಂದೇ. "ಅವನ ಮುಖ ನಮ್ಮನೇಲಿ ಎಲ್ಲೂ ಇರಬಾರದಪ್ಪ, ಅಳಿಸಿಬಿಡಿ" ಎಂದು ಬರೆದಿದ್ದೀಯ. ಅವನನ್ನು ಬಿಟ್ಟು ಬರುವ ಮೊದಲು ನೀನು ಪಟ್ಟ ಪಾಡು ನನಗೆ ಗೊತ್ತು. ಆದರೂ ಕೈ ಬರುತ್ತಿಲ್ಲ, ಫೋನಿನಲ್ಲಿ ಹೇಳಲು ಬಾಯಿಯೂ ಬರಲಿಲ್ಲ. ಹಳೆಯ ಡ್ರೈವು ಇನ್ನೆಷ್ಟು ದಿನ ತಿರುಗುವುದೋ ತಿಳಿಯದು.

ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಬಾಳು ಇನ್ನಾದರೂ ತಣ್ಣಗಿರಲಿ.

ನಿನ್ನ
ಅಪ್ಪ

ತಾ.ಕ.: ಆ ವಿಡಿಯೊದಲ್ಲಿ ಅಮ್ಮ, "ಜನ ಊಟಕ್ಕೆ ಕಾಯ್ತಿದಾರೆ, ನೀವು ಹಲ್ಲು ಕಿರ್ಕೊಂಡು ಕ್ಯಾಮೆರಾ ಮುಂದೆ ನಿಂತಿದೀರಲ್ರೀ!" ಎಂದು ನನ್ನನ್ನು ಗದರುತ್ತಾಳೆ. ಅವಳ ದನಿ ನಮ್ಮಲ್ಲಿ ಉಳಿದಿರುವುದು ಅಷ್ಟೇ. ಅದಷ್ಟನ್ನು ಕತ್ತರಿಸಿಡೋಣವೆಂದರೆ, ಪಕ್ಕದಲ್ಲಿ ನಿಂತ ಅವನ ನಗು ಅವಳ ಮಾತಿನ ಮೇಲೆಯೇ ಬಿದ್ದಿದೆ. ಅವಳನ್ನೇ ಕೇಳಿದೆ. "ಮಗಳಿಗಿಂತ ನನ್ನ ದನಿ ಹೆಚ್ಚಾ? ಅಳಿಸಿ" ಎಂದು ಬರೆದಿಟ್ಟು ಒಳಗೆ ಹೋದಳು. ಅವಳಿಗೆ ಬೇಡವಂತೆ, ಗುಬ್ಬಿ. ನನಗೆ ಬೇಕು.