ಹೊಲಿಗೆಯೊಳಗೆ ಬಿಟ್ಟ ಬಟ್ಟೆ

ಅಣ್ಣಾ,

ನನ್ನ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲಿನಂತಿದೆ, ತಪ್ಪುಗಳೂ ಇರುತ್ತವೆ. ಬೈಯಬೇಡ. ಯುದ್ಧದಿಂದ ನೀನು ತಿರುಗಿ ಬರಲೇ ಇಲ್ಲ, ಇದನ್ನು ಎಲ್ಲಿಗೆ ಕಳಿಸಬೇಕೋ ಗೊತ್ತಿಲ್ಲ. ಆದರೂ ಹೇಳಬೇಕು ಅನಿಸಿತು.

ನಿನ್ನೆ ತಮ್ಮನೂ ಸೈನ್ಯಕ್ಕೆ ಹೊರಟ. ಅಲ್ಲಿ ಕೊಟ್ಟ ಸಮವಸ್ತ್ರದ ಅಂಗಿ ಅವನಿಗೆ ದೊಗಳೆಯಾಗಿತ್ತು. ಅಪ್ಪ ಅಂಗಡಿಯ ಹೊಲಿಗೆ ಮೆಷಿನ್ನಿನಲ್ಲಿ ಎರಡೂ ಪಕ್ಕ ಒಳಗೆ ಹಿಡಿದು ಹೊಲಿದುಕೊಟ್ಟರು.

"ರೀ, ಒಳಗೆ ಮಿಕ್ಕಿರೋ ಬಟ್ಟೆ ಕತ್ತರಿಸಿಬಿಡಿ, ಮಗೂಗೆ ಚುಚ್ಚುತ್ತೆ" ಅಂದಳು ಅಮ್ಮ.

"ಇರ್ಲಿ ಬಿಡೇ. ಬೆಳೆಯೋ ಹುಡುಗ. ಬಂದ್ಮೇಲೆ ಬಿಚ್ಚಿ ಅಗಲ ಮಾಡಿಕೊಡ್ತೀನಿ."

"ಇನ್ನೆಷ್ಟಪ್ಪಾ ಬೆಳೀಲಿ? ಲೈಟುಕಂಬ ಆಗ್ಲಾ?" ಅಂದ ತಮ್ಮ. ನಾವೆಲ್ಲ ನಕ್ಕೆವು. ಅಪ್ಪ ನಗಲಿಲ್ಲ. ಕತ್ತರಿಯನ್ನು ಎತ್ತಿ ಮೇಜಿನ ಡ್ರಾಯರಿನೊಳಗೆ ಇಟ್ಟುಬಿಟ್ಟರು.

ನೀನು ಹೊರಡುವ ಮುಂಚೆ ನಿನ್ನ ಸಮವಸ್ತ್ರದ ಅಂಗಿ ಹಿಡಿದು ಹೊಲಿದ ದಿನ ಅಪ್ಪ ಹೆಚ್ಚಿನ ಬಟ್ಟೆಯನ್ನು ಒಂದೆಳೆಯೂ ಬಿಡದೆ ಕತ್ತರಿಸಿದ್ದರು. ನೀಟಾಗಿದೆ ಅಂತ ನೀನೇ ಹೊಗಳಿದ್ದೆ. ಆ ಚೂರುಗಳನ್ನು ಸೇರಿಸಿ ನಾನು ಸೂಜಿ ಚುಚ್ಚಿಡಲು ಒಂದು ಪುಟ್ಟ ದಿಂಬು ಹೊಲಿದುಕೊಂಡಿದ್ದೆ. ದಿನವೂ ಅದೇ ನನ್ನ ಕೈಯಲ್ಲಿರುತ್ತಿತ್ತು.

ಇವತ್ತು ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದವಳೇ ಆ ದಿಂಬಿನಲ್ಲಿದ್ದ ಸೂಜಿಗಳನ್ನೆಲ್ಲ ಮೆಲ್ಲಗೆ ಕಿತ್ತು ಡಬ್ಬಿಗೆ ಹಾಕಿದೆ.